ಪುನ್ನಾಟದ ಬೆರಿಲ್, ಈಜಿಪ್ಟಿನ ಪಚ್ಚೆ

ಮಕ್ಕಳೇ, ಸತ್ತೇಗಾಲದ ಬಳಿ ಹರಿಯುವ ಕಾವೇರಿಯಲ್ಲಿ ಕಬಿನಿಯ ನೀರೂ ಇದೆ. ಕಬಿನಿ ದಂಡೆಯ ಕಿತ್ತೂರು ಹಿಂದೆ ಪುನ್ನಾಟ ನಾಡಿನ ರಾಜಧಾನಿಯಾಗಿತ್ತು. ಸುಮಾರು 1,850 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿದ್ದ ಟಾಲೆಮಿ, ಬೆರಿಲ್ ಎಂಬ ರತ್ನ ಸಿಗುವ ‘ಪೌನ್ನಾಟ’ವನ್ನು ತನ್ನ ಭೂಗೋಳ ಗ್ರಂಥದಲ್ಲಿ ಹೆಸರಿಸಿದ್ದಾನೆ. ಅದು ಈ ಪುನ್ನಾಟವೇ ಎಂಬುದು ಹಲವು ಇತಿಹಾಸಕಾರರ ಅಭಿಪ್ರಾಯ.

ಸ್ವಾರಸ್ಯವೇನು ಗೊತ್ತೇ? ಈಜಿಪ್ಟಿನ ಮರುಭೂಮಿಯಲ್ಲೇ ಪಚ್ಚೆಯ ಗಣಿಗಳಿದ್ದವು. ಪಚ್ಚೆಯೂ ಒಂದು ಬಗೆಯ ಬೆರಿಲ್! ಇದರ ಹರಳಿಗೆ ಪೆನ್ಸಿಲ್‌ನಂತೆ ಆರು ಬದಿ. ಕ್ರೋಮಿಯಂ ಸೇರಿದರೆ ಹಸಿರು, ಕಬ್ಬಿಣ ಸೇರಿದರೆ ತಿಳಿನೀಲಿ.

ಅಲ್ಲಿನ ಸಿಕೈಟ್ ಕಣಿವೆಯಲ್ಲಿ ರೋಮನ್ನರ ಕಾಲದ ಸುರಂಗಗಳು, ಬಂಡೆಯಲ್ಲಿ ಕೊರೆದ ಗುಡಿ, ಕೆಲಸಗಾರರ ಕಲ್ಲುಮನೆಗಳು ಇಂದಿಗೂ ಉಳಿದಿವೆ. ಮಳೆ ಅಪರೂಪ, ನೋಡಿ! ನಮ್ಮಲ್ಲಿ ಮಳೆ, ಉಳುಮೆ ಎರಡೂ ಸೇರಿ ಹಳೆಯ ಗುಂಡಿಗಳನ್ನು ಮುಚ್ಚಿಬಿಡುತ್ತವೆ. ಒಡೆದು ಎಸೆದ ಕಲ್ಲಿನ ರಾಶಿ ಮಾತ್ರ ಬೇಗ ಕರಗದು. ಹಳೆಯ ಗಣಿ ಹುಡುಕುವವರ ಕಣ್ಣು ಅದರ ಮೇಲೆಯೇ.