ಆರೋಪ ಬಂದಾಗ ಎಲ್ಲಿ ಮಾತು, ಎಲ್ಲಿ ಮೌನ



ಕಾನೂನಿನ ವಿಷಯವನ್ನು ವೈದ್ಯರೇಕೆ ಮಾತನಾಡಬೇಕೆಂದು ತಾವು ಕೇಳಬಹುದು. ನಡುರಾತ್ರಿ ಕಷ್ಟ ಬಂದರೆ ನಮ್ಮವರು ಮೊದಲು ಫೋನ್ ಮಾಡುವುದು ಪರಿಚಯದ ಡಾಕ್ಟರಿಗೇ. ಎದೆನೋವಾದರೂ ಸರಿ, ಮಗನನ್ನು ಪೊಲೀಸರು ಕರೆದೊಯ್ದರೂ ಸರಿ.

ಊರಿನಲ್ಲಿ ಕಲಿತ ವಿನಯವೇ ಆಗ ನಮಗೆ ಮುಳುವಾಗುತ್ತದೆ. ಅಧಿಕಾರಿ ಪ್ರಶ್ನಿಸಿದರೆ ಕೈಕಟ್ಟಿ ಉತ್ತರಿಸುವುದು, ತಪ್ಪಿರಲಿ ಬಿಡಲಿ "ತಪ್ಪಾಯಿತು ಸ್ವಾಮಿ" ಎಂದು ಮುಗಿಸುವುದು ನಮ್ಮ ಸಂಸ್ಕಾರ. ಇಲ್ಲಿನ ಠಾಣೆಯಲ್ಲಿ ಆ ಮಾತು ಸಾಕ್ಷ್ಯವಾಗುತ್ತದೆ. ಬಂಧಿತನನ್ನು ಪ್ರಶ್ನಿಸುವ ಮೊದಲು ಮೌನದ ಹಕ್ಕನ್ನೂ ವಕೀಲರ ಹಕ್ಕನ್ನೂ ತಿಳಿಸಬೇಕೆಂದು 1966ರ ಮಿರಾಂಡಾ ತೀರ್ಪು ವಿಧಿಸಿತು, ನಿಜ. ಆದರೆ ಬರಿದೇ ಸುಮ್ಮನಿದ್ದರೆ ಸಾಲದು. ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನ ಕೊಲೆ ಪ್ರಕರಣವೊಂದರಲ್ಲಿ ಆರೋಪಿಯು ಸುಮಾರು ಮೂರು ಗಂಟೆ ಬಹುತೇಕ ಮೌನವಾಗಿಯೇ ಇದ್ದನು. ಕೊನೆಗೆ ಪೊಲೀಸರು, ಗುಂಡು ಹಾರಿಸಿದ್ದಕ್ಕಾಗಿ ದೇವರಲ್ಲಿ ಕ್ಷಮೆ ಬೇಡುತ್ತೀಯಾ ಎಂದು ಕೇಳಿದರು. "ಹೌದು" ಎಂದನು. ಆ ಒಂದು ಪದವನ್ನು ಸಾಕ್ಷ್ಯವಾಗಿ ಬಳಸಿದ್ದು ಸರಿಯೆಂದು 2010ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಮೌನದ ಹಕ್ಕನ್ನೂ ಬಾಯಿಬಿಟ್ಟೇ ಕೇಳಬೇಕು: "ನಾನು ಉತ್ತರಿಸುವುದಿಲ್ಲ, ನನಗೆ ವಕೀಲರು ಬೇಕು." ಹೆಸರು ಹೇಳಿ, ಲೈಸೆನ್ಸ್ ತೋರಿಸಿ; ವಾದ ಬೇಡ, ಸುಳ್ಳಂತೂ ಬೇಡವೇ ಬೇಡ. ವಕೀಲರ ಮುಂದೆ ಮಾತ್ರ, ವೈದ್ಯರ ಮುಂದೆ ಹೇಳುವಂತೆ, ಏನನ್ನೂ ಮುಚ್ಚಿಡಬಾರದು.

ವಾರಂಟ್ ಇಲ್ಲದೆ ಬಂಧಿಸಿದ್ದರೆ, ಅದಕ್ಕೆ ಆಧಾರವಿದೆಯೇ ಎಂದು ಸಾಮಾನ್ಯವಾಗಿ 48 ಗಂಟೆಗಳೊಳಗೆ ನ್ಯಾಯಾಧೀಶರು ಪರಿಶೀಲಿಸಬೇಕು. ಇಲಿನಾಯ್‌ನಲ್ಲಿ 2023ರ ಸೆಪ್ಟೆಂಬರ್ 18ರಿಂದ ಹಣದ ಜಾಮೀನು ರದ್ದಾಗಿದೆ. ಬಿಡುವುದೋ ಇರಿಸಿಕೊಳ್ಳುವುದೋ ನ್ಯಾಯಾಧೀಶರ ವಿವೇಚನೆ. ಮಿಷಿಗನ್‌ನಲ್ಲಿ ಹಣ ಕಟ್ಟಿಸುವ ಪದ್ಧತಿ ಉಳಿದಿದೆ. ಭಾರತದ ಪ್ರಜೆಗಳು ಶಿಕಾಗೋ ಕಾನ್ಸುಲೇಟಿಗೆ ಸುದ್ದಿ ಮುಟ್ಟಿಸಲು ಕೇಳಬಹುದು. ಮಿಷಿಗನ್ ಸಹ ಅದರ ವ್ಯಾಪ್ತಿಯದೇ. ಜೈಲಿನ ಫೋನ್ ಮಾತುಗಳನ್ನು ಧ್ವನಿಮುದ್ರಿಸುತ್ತಾರೆ. ಕನ್ನಡ ಯಾರಿಗೆ ತಿಳಿದೀತು ಎಂಬ ಧೈರ್ಯ ಬೇಡ!

ಪೌರತ್ವ ಪಡೆಯದವರಿಗೆ ದೊಡ್ಡ ಕಂಟಕವೆಂದರೆ ಅವಸರದ ತಪ್ಪೊಪ್ಪಿಗೆ. ಅಂಗಡಿಯಲ್ಲಿ ಸಣ್ಣ ಕಳವಿನ ಆರೋಪ. ಒಪ್ಪಿಕೊಂಡರೆ ಇಲಿನಾಯ್ ನ್ಯಾಯಾಲಯ "ಸೂಪರ್‌ವಿಷನ್" ನೀಡಿ, ಅವಧಿ ಮುಗಿದ ಮೇಲೆ ಮೊಕದ್ದಮೆಯನ್ನು ಕೈಬಿಡುತ್ತದೆ. ಪೀಡೆ ಕಳೆಯಿತೆಂದು ಮನೆಗೆ ಬರುತ್ತೇವೆ. ಆದರೆ 1996ರ ವಲಸೆ ಕಾನೂನಿನ ಪ್ರಕಾರ ಒಪ್ಪಿಗೆಯೂ ಯಾವುದಾದರೊಂದು ನಿರ್ಬಂಧವೂ ಸೇರಿದರೆ ಅದು ಅಪರಾಧ ನಿರ್ಣಯವೇ. ಗ್ರೀನ್ ಕಾರ್ಡಿಗೂ ಕುತ್ತು ಬಂದೀತು. ಗಡೀಪಾರಿನ ಅಪಾಯವನ್ನು ವಕೀಲರು ತಿಳಿಸಲೇಬೇಕೆಂದು 2010ರ ಪಡಿಯಾ ತೀರ್ಪು ಹೇಳುತ್ತದೆ. ಅವರು ಹೇಳದಿದ್ದರೆ ನಾವೇ ಕೇಳಬೇಕು, ವಲಸೆ ಕಾನೂನು ಬಲ್ಲ ಇನ್ನೊಬ್ಬರನ್ನೂ ಕೇಳಬೇಕು. ವೀಸಾದ ಮೇಲಿರುವವರು ಕುಡಿದು ಕಾರು ಓಡಿಸಿದ ಆರೋಪದಲ್ಲಿ ಬಂಧಿತರಾದರೆ, ತೀರ್ಪಿಗೆ ಮೊದಲೇ ವೀಸಾ ರದ್ದಾಗಬಹುದು.

ಇನ್ನು ನೆಂಟರಿಷ್ಟರ ಪಿಸುಮಾತು. 1975ರಲ್ಲಿ ಆನ್ ಆರ್ಬರ್‌ನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಹಲವು ರೋಗಿಗಳ ಉಸಿರು ಹಠಾತ್ತನೆ ನಿಂತಿತು. ಸ್ನಾಯು ಸಡಿಲಿಸುವ ಪ್ಯಾವುಲಾನ್ ಔಷಧಿಯನ್ನು ಕೊಟ್ಟರೆಂಬ ಆರೋಪ ಫಿಲಿಪೀನ್ಸ್ ಮೂಲದ ನರ್ಸ್‌ಗಳಾದ ಫಿಲಿಪೀನಾ ನಾರ್ಸಿಸೊ ಮತ್ತು ಲಿಯೊನೊರಾ ಪೆರೆಜ್ ಅವರ ಮೇಲೆ ಬಂದಿತು. 1977ರ ಜುಲೈನಲ್ಲಿ ಡೆಟ್ರಾಯಿಟ್‌ನ ಜ್ಯೂರಿ ಅವರನ್ನು ಅಪರಾಧಿಗಳೆಂದಿತು. ಡಿಸೆಂಬರಿನಲ್ಲಿ, ಸರ್ಕಾರಿ ವಕೀಲರ ನಡವಳಿಕೆಯನ್ನು ಖಂಡಿಸಿ ನ್ಯಾಯಾಧೀಶರು ಹೊಸ ವಿಚಾರಣೆಗೆ ಆದೇಶಿಸಿದರು. 1978ರ ಫೆಬ್ರವರಿಯಲ್ಲಿ ಆರೋಪಗಳನ್ನೇ ಹಿಂತೆಗೆದುಕೊಳ್ಳಲಾಯಿತು. ಅವರ ನಾಡಿನ ಜನ ಆ ದಿನಗಳಲ್ಲಿ ದೂರ ಸರಿಯಲಿಲ್ಲ. ವಕೀಲರಿಗಾಗಿ ಹಣ ಕೂಡಿಸಿದರು.