ಹಾವಿನ ಹೆಡೆ ನೇವರಿಸಿದ ಮೇಷ್ಟ್ರು!

ನಮ್ಮ ಡೋಣಿ ಕಡೆ ಮೇಷ್ಟ್ರಿಗೆ ಮೇಷ್ಟ್ರು ಅನ್ನೋದಿಲ್ಲ, ಮಾಸ್ತರ ಅಂತಾರೆ. ಯಾರ ಮಾತಿಗೂ ಬಗ್ಗದ ಹುಡುಗನಿಗೆ ಉಡಾಳ ಅಂತಾರೆ. ಒಮ್ಮೆ ಆ ಹೆಸರು ಅಂಟಿತೋ, ಮುಗೀತು! ಯಾರದೋ ಹೊಲದಾಗ ಶೇಂಗಾ ಕಳುವಾದರೂ ಮೊದಲು ಅವನ ಮನೆ ಮುಂದೆಯೇ ಜನ. ಆದರೆ ಶಿಷ್ಯನ ಮೇಲೆ ಜೀವ ಇಟ್ಟ ಗುರುವಿನ ಮಾತು ಬಂದರೆ, ಕಪ್ಪತಗುಡ್ಡದ ಬುಡದ ನಮ್ಮ ಸೀಮೆಯಲ್ಲೂ ‘ಚಾಮಯ್ಯ ಮೇಷ್ಟ್ರು’ ಅಂತಲೇ ಬಾಯಿಗೆ ಬರುತ್ತದೆ.

ಅದು 1972ರ ಡಿಸೆಂಬರ್ ಕೊನೆಗೆ ತೆರೆಕಂಡ ‘ನಾಗರಹಾವು’ ಚಿತ್ರದ ಮಹಿಮೆ. ತರಾಸು ಅವರ ಕಾದಂಬರಿಗಳು, ಪುಟ್ಟಣ್ಣ ಕಣಗಾಲರ ನಿರ್ದೇಶನ, ಎನ್. ವೀರಾಸ್ವಾಮಿಯವರ ನಿರ್ಮಾಣ, ಚಿತ್ರದುರ್ಗದ ಬಂಡೆಗಳು. ರಾಮಾಚಾರಿಯಾಗಿ 22ರ ಹರೆಯದ ವಿಷ್ಣುವರ್ಧನ್!

ಈ ರಾಮಾಚಾರಿ ಸುಳ್ಳೇ ಕೆಟ್ಟ ಹೆಸರು ಹೊತ್ತವನಲ್ಲ, ಗೆಳೆಯರೇ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬೀಳುತ್ತಾನೆ. ಪ್ರಿನ್ಸಿಪಾಲರು ಹೊರಗೆ ಹಾಕುತ್ತಾರೆ. ರಾತ್ರಿ ಹೋಗಿ ಅವರ ಮನೆಗೆ ಕಲ್ಲು ತೂರಿ, ಹೊರಗೆ ಬಂದವರನ್ನು ಅರೆಬತ್ತಲೆ ಕಂಬಕ್ಕೆ ಕಟ್ಟಿ ಬರುತ್ತಾನೆ! ಇಂಥವನನ್ನು ಯಾವ ಊರು ಮೆಚ್ಚೀತು? ಹೆತ್ತ ಅಪ್ಪನೇ ಮೆಚ್ಚಲಿಲ್ಲ. ಮೆಚ್ಚಿದ್ದು ಪ್ರೈಮರಿ ಶಾಲೆಯಲ್ಲಿ ಅಕ್ಷರ ಕಲಿಸಿದ ಚಾಮಯ್ಯ ಒಬ್ಬರೇ. ಮಕ್ಕಳಿಲ್ಲದ ಮನೆ, ಹೆಂಡತಿ ತುಂಗಾಳಿಗೂ ಅವನೇ ಮಗ. (ಆ ಪಾತ್ರದಲ್ಲಿ ಲೀಲಾವತಿ.)

ಕೆ.ಎಸ್. ಅಶ್ವಥ್ ಇಲ್ಲಿ ಅಬ್ಬರಿಸುವುದಿಲ್ಲ, ಬೆತ್ತ ಹಿಡಿಯುವುದಿಲ್ಲ. ಹುಡುಗ ಮಾಡಿದ್ದೆಲ್ಲ ಸರಿ ಅಂತ ವಕಾಲತ್ತೂ ಮಾಡುವುದಿಲ್ಲ. ಬುಸುಗುಡುವವನ ಒಳಗೆ ಪ್ರೀತಿಗೆ ಹಸಿದ ಮಗುವಿದೆ ಅನ್ನೋದು ಮೇಷ್ಟ್ರಿಗೆ ಗೊತ್ತು, ಅಷ್ಟೇ. ಜಲೀಲನಿಗೆ ಕೈ ಎತ್ತುವ ರಾಮಾಚಾರಿ ಈ ಬಡ ಮೇಷ್ಟ್ರ ಮುಂದೆ ಮಾತ್ರ ತಣ್ಣಗಾಗುತ್ತಾನೆ. ಆ ವರ್ಷದ ರಾಜ್ಯ ಪ್ರಶಸ್ತಿಗಳಲ್ಲಿ ವಿಷ್ಣು ಶ್ರೇಷ್ಠ ನಟ, ಅಶ್ವಥ್ ಶ್ರೇಷ್ಠ ಪೋಷಕ ನಟ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಬರುತ್ತಿತ್ತೇ? ನನಗೆ ಅನುಮಾನ.

1974ರಲ್ಲಿ ಪುಟ್ಟಣ್ಣನವರೇ ರಿಷಿ ಕಪೂರ್‌ರನ್ನು ಹಾಕಿಕೊಂಡು ಹಿಂದಿಯಲ್ಲಿ ‘ಜಹ್ರೀಲಾ ಇನ್ಸಾನ್’ ತೆಗೆದರು. ಓಡಲಿಲ್ಲ.

ಅಭಿಮಾನಿಗಳು ಸಿಟ್ಟಾದರೂ ಸರಿ, ಒಂದು ಮಾತು ಹೇಳಲೇಬೇಕು. ಹುಡುಗನನ್ನು ಅರ್ಥ ಮಾಡಿಕೊಂಡ ಮೇಷ್ಟ್ರು, ಹುಡುಗನ ಪ್ರೇಮವನ್ನು ಅರ್ಥ ಮಾಡಿಕೊಳ್ಳಲಿಲ್ಲ. ಅಲಮೇಲುವನ್ನು ಬಿಟ್ಟುಬಿಡು ಅಂದರು. ಜಾತಿ, ಸಮಾಜ ಅಂತ ಬುದ್ಧಿ ಹೇಳಿದರು. ಬೇರೆ ಯಾರಾದರೂ ಅಂದಿದ್ದರೆ ಹಲ್ಲು ಉದುರುತ್ತಿದ್ದವು! ಮೇಷ್ಟ್ರು ಅಂದರು, ಬಿಟ್ಟ. ಇಡೀ ಊರಿನಲ್ಲಿ ತನ್ನನ್ನು ನಂಬಿದ್ದು ಒಬ್ಬರೇ ಆದಾಗ ಅವರಿಗೆ ಹೇಗ್ರೀ ಇಲ್ಲ ಅನ್ನೋದು? ಆ ನಂಬಿಕೆಯನ್ನೇ ಮೇಷ್ಟ್ರು ವಸೂಲಿ ಮಾಡಿಕೊಂಡಂತಾಯಿತು. ತೆರೆಯ ಮೇಲಿನ ಹೊಡೆದಾಟಗಳಿಗಿಂತ ನನ್ನನ್ನು ಹೆಚ್ಚು ಹೆದರಿಸುವ ದೃಶ್ಯ ಇದೇ.

ಮುಂದೆ ಅದೇ ಅಲಮೇಲು ಒಂದು ಹೋಟೆಲಿನಲ್ಲಿ ಎದುರಾಗುತ್ತಾಳೆ. ಕಟ್ಟಿಕೊಂಡ ಗಂಡನೇ ಅವಳನ್ನು ಮಾರಾಟದ ಬದುಕಿಗೆ ತಳ್ಳಿದ್ದಾನೆ. ಅದನ್ನು ಕಂಡ ಮೇಲೆ, ಮಾರ್ಗರೆಟ್‌ಳನ್ನು ಬಿಡು ಅಂತ ಮೇಷ್ಟ್ರು ಎರಡನೇ ಸಲ ಬಂದಾಗ ರಾಮಾಚಾರಿ ಬಗ್ಗಲಿಲ್ಲ. ಬೆಟ್ಟದ ಮೇಲಿಂದ ಮೊದಲು ಬಿದ್ದವರು ಚಾಮಯ್ಯ ಮೇಷ್ಟ್ರು. ಆಮೇಲೆ ಆ ಇಬ್ಬರೂ ಹಾರಿದರು.