ಮಂಗಳೂರಿನ ಧಕ್ಕೆಗೆ ಕಾಣದ ದ್ವೀಪಗಳು

ಮಳೆಗಾಲಕ್ಕೆ ಮುಂಚೆ ಮಂಗಳೂರಿನ ಹಳೆ ಬಂದರಿಗೆ ಹೋದವರು ಅಲ್ಲಿನ ಅವಸರವನ್ನು ಕಂಡಿರಬಹುದು. ಮಂಜಿಗಳಿಗೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿಕಲ್ಲು, ಕೆಲವೊಮ್ಮೆ ಆಡುಗಳೂ ಏರುತ್ತವೆ. ಮೇ ಮಧ್ಯದ ಬಳಿಕ ಕಡಲು ಒರಟಾದರೆ ನಾಲ್ಕು ತಿಂಗಳು ಈ ಮಂಜಿಗಳು ಹೊರಡುವಂತಿಲ್ಲ. ಅಷ್ಟರೊಳಗೆ ಲಕ್ಷದ್ವೀಪದ ಅಡುಗೆಮನೆಗಳು ತುಂಬಬೇಕು.

ಈ ನಂಟು ನಿನ್ನೆ ಮೊನ್ನೆಯದಲ್ಲ. ಕಣ್ಣೂರಿನ ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಮೀನಿಯ ಕೆಲವರು 1783ರಲ್ಲಿ ಮಂಗಳೂರಿಗೆ ಬಂದು, ತಮ್ಮನ್ನು ನೀವೇ ಆಳಬೇಕೆಂದು ಟಿಪ್ಪು ಸುಲ್ತಾನರನ್ನು ಕೇಳಿಕೊಂಡರು. 1799ರ ಬಳಿಕ ಆ ದ್ವೀಪಗಳು ಬ್ರಿಟಿಷರ ಕೈಸೇರಿದವು. ಹೀಗೆ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದವು. ದ್ವೀಪದವರು ತೆಂಗಿನ ನಾರನ್ನು ಸರಕಾರಕ್ಕೇ ಕೊಟ್ಟು ಬದಲಿಗೆ ಅಕ್ಕಿ ಒಯ್ಯಬೇಕಿತ್ತು. ನಾರು ಹೊಸೆಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಬೆಲೆ ಕಟ್ಟುತ್ತಿದ್ದವರು ಮಾತ್ರ ಬೇರೆಯವರು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾದಾಗ ಈ ಆಡಳಿತದ ಎಳೆ ಕಡಿಯಿತು. 1967ರಿಂದ 2004ರವರೆಗೆ ಲಕ್ಷದ್ವೀಪವನ್ನು ಲೋಕಸಭೆಯಲ್ಲಿ ಪ್ರತಿನಿಧಿಸಿದ ಪಿ.ಎಂ. ಸಯೀದ್ ಓದಿದ್ದೂ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ.

ಎಲ್ಲ ದ್ವೀಪಗಳನ್ನು ಒಟ್ಟುಗೂಡಿಸಿದರೂ ನೆಲ ಕೇವಲ 32 ಚದರ ಕಿಲೋಮೀಟರು. ಜನರಿರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಂತೆ 64,473 ಮಂದಿ. ಬೆಟ್ಟವಿಲ್ಲ, ನದಿಯಿಲ್ಲ. ಹಾಗಾದರೆ ಕುಡಿಯುವ ನೀರು ಎಲ್ಲಿಂದ? ಸುರಿದ ಮಳೆ ಹವಳದ ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪು ನೀರಿನ ಮೇಲೆ ತೆಳುವಾದ ಪದರವಾಗಿ ನಿಲ್ಲುತ್ತದೆ. ಸಾರಿನ ಮೇಲೆ ತುಪ್ಪ ತೇಲುವುದನ್ನು ನೆನೆಸಿಕೊಳ್ಳಿ. ಸೌಟು ತುಸು ಆಳಕ್ಕಿಳಿದರೆ ಸಾರೂ ಬರುತ್ತದಲ್ಲ, ಹಾಗೆಯೇ ಪಂಪು ಜೋರಾಗಿ ಎಳೆದರೆ ಬಾವಿಗೆ ಉಪ್ಪು ನುಗ್ಗುತ್ತದೆ. ಶೌಚದ ಗುಂಡಿಯೂ ಅದೇ ಮರಳಿನಲ್ಲಿರುವುದರಿಂದ ಕೊಳಕು ಸೇರುವ ಭಯ ಬೇರೆ. 2005ರಲ್ಲಿ ಕವರತ್ತಿಯಲ್ಲಿ, ಆಳಸಮುದ್ರದ ತಣ್ಣನೆ ನೀರಿನ ನೆರವಿನಿಂದ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರ ಆರಂಭವಾಯಿತು. ದಿನಕ್ಕೆ ಒಂದು ಲಕ್ಷ ಲೀಟರು. ದೊಡ್ಡ ಸಂಖ್ಯೆ ಎನಿಸುತ್ತದೆ, ಅಲ್ಲವೇ? 2011ರಲ್ಲಿ ಅಲ್ಲಿದ್ದ ಹನ್ನೊಂದು ಸಾವಿರಕ್ಕೂ ಮಿಕ್ಕ ಜನರಿಗೆ ಹಂಚಿದರೆ ತಲೆಗೆ ಒಂಬತ್ತು ಲೀಟರೂ ಸಿಗದು.

ಅಲ್ಲಿನ ಮನೆಯ ವ್ಯವಸ್ಥೆ ನಮ್ಮ ಓದುಗ ಸಹೋದರಿಯರಿಗೆ ಕುತೂಹಲ ಹುಟ್ಟಿಸೀತು. ತರವಾಡಿನ ಆಸ್ತಿ ತಾಯಿಯ ವಂಶದಲ್ಲೇ ಸಾಗುತ್ತದೆ. ಅದನ್ನು ‘ಶುಕ್ರವಾರದ ಸ್ವತ್ತು’ ಎನ್ನುತ್ತಾರೆ. ಸ್ವಂತ ಗಳಿಕೆ ‘ಸೋಮವಾರದ ಸ್ವತ್ತು’. ಅದು ಶರೀಅತ್‌ನ ವಾರಸು ನಿಯಮದಂತೆ ಹಂಚಿಕೆಯಾಗುತ್ತದೆ. ಒಂದೇ ಮನೆಯಲ್ಲಿ ಎರಡು ಕಾನೂನು! ದಕ್ಷಿಣದ ಮಿನಿಕಾಯ್‌ನಲ್ಲಂತೂ ಭಾಷೆಯೇ ಬೇರೆ. ಅಲ್ಲಿನ ಮಹಲ್, ಮಾಲ್ದೀವ್ಸ್‌ನ ಭಾಷೆಯ ಒಡಹುಟ್ಟು.

ದ್ವೀಪವನ್ನು ಅಲೆಯಿಂದ ಕಾಯುವುದು ಹವಳದ ದಿಬ್ಬ. ಅಳಿವೆಯೊಳಗಿನ ಕಡಲಹುಲ್ಲನ್ನು ಹಸಿರು ಆಮೆಗಳು ಮೇಯುತ್ತವೆ. ಮರವೇ ಇಲ್ಲದ ಪಿಟ್ಟಿ ದ್ವೀಪದಲ್ಲಿ ಕಡಲಹಕ್ಕಿಗಳು ಮರಿ ಮಾಡುತ್ತವೆ. ಆದರೆ ನೀರು ಬಿಸಿಯೇರಿ 1998, 2010, 2016 ಮತ್ತು 2024ರಲ್ಲಿ ಹವಳಗಳು ಬಿಳಿಚಿದವು. ಹವಳ ಸತ್ತರೆ ಮರಳು ಹುಟ್ಟುವುದಿಲ್ಲ, ಅಲೆಗೆ ತಡೆಯೂ ಇಲ್ಲ. ಜನರಿಲ್ಲದ ಪರಳಿ ದ್ವೀಪಗಳಲ್ಲಿ ಒಂದು ಆಗಲೇ ಕೊರೆದು ಕಡಲುಪಾಲಾಗಿದೆ.

2024ರ ಜನವರಿಯಲ್ಲಿ ಪ್ರಧಾನಿಯವರು ಭೇಟಿ ನೀಡಿ ಚಿತ್ರಗಳನ್ನು ಹಂಚಿಕೊಂಡ ಮೇಲೆ, ಮಾಲ್ದೀವ್ಸ್ ಬಿಟ್ಟು ಇಲ್ಲಿಗೆ ಬನ್ನಿ ಎಂಬ ಕೂಗೆದ್ದಿತು. ಅದೇ ವರ್ಷ ಮೇ ತಿಂಗಳಲ್ಲಿ ‘ಪರಳಿ’ ಎಂಬ ವೇಗದ ಹಡಗು ಪ್ರಯಾಣಿಕರನ್ನು ಹೊತ್ತು ನಮ್ಮ ಹಳೆ ಬಂದರಿಗೂ ಬಂದಿತ್ತು. ಪ್ರವಾಸಿಗರು ಬಂದರೆ ಅಲ್ಲಿನ ಯುವಕರಿಗೆ ದುಡಿಮೆ ಸಿಕ್ಕೀತು, ನಿಜ. ಆದರೆ ಮಾಲ್ದೀವ್ಸ್‌ನಲ್ಲಿ ಸಾವಿರಕ್ಕೂ ಮೀರಿ ದ್ವೀಪಗಳಿವೆ, ರಿಸಾರ್ಟಿಗೊಂದು ದ್ವೀಪ ಕೊಡಬಹುದು. ಮೂವತ್ತೆರಡು ಚದರ ಕಿಲೋಮೀಟರಿನಲ್ಲಿ ಅದು ಸಾಧ್ಯವೇ?

ಇದನ್ನು ನಿರ್ಧರಿಸುವವರು ಯಾರೆಂಬುದೇ ಅಲ್ಲಿನವರ ಚಿಂತೆ. ಲಕ್ಷದ್ವೀಪಕ್ಕೆ ವಿಧಾನಸಭೆಯಿಲ್ಲ, ಒಬ್ಬ ಸಂಸದರು, ಮೇಲೆ ರಾಷ್ಟ್ರಪತಿಗಳು ನೇಮಿಸುವ ಆಡಳಿತಾಧಿಕಾರಿ. ಅಭಿವೃದ್ಧಿಗಾಗಿ ಭೂಮಿ ಪಡೆಯಲು ವಿಶಾಲ ಅಧಿಕಾರ ನೀಡುವ ಕರಡು ನಿಯಮ 2021ರಲ್ಲಿ ಹೊರಬಂದಾಗ ಜನರು ಕಳವಳಗೊಂಡರು. ಜೂನ್ 7ರಂದು ದ್ವೀಪವಾಸಿಗಳು ತಮ್ಮ ಮನೆಗಳಲ್ಲೇ ಹನ್ನೆರಡು ಗಂಟೆ ಉಪವಾಸ ಕುಳಿತರು. ಕೆಲವರು ಕಡಲಿನೊಳಗೆ ಮುಳುಗಿ, ಅಲ್ಲೇ ಫಲಕ ಹಿಡಿದು ನಿಂತರು.